ಕಪಾಟಿನೊಳಗಿನ ಮಂಗ

ಈಗಿನ ಮಕ್ಕಳು ಓದುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರನ್ನು ಒಮ್ಮೆ ಕೇಳಿ ನೋಡಿ: ನಿಮ್ಮ ಮನೆಯ ಮಗುವಿನ ಕೈಗೆ ಪಠ್ಯ ಬಿಟ್ಟು ಬೇರೊಂದು ಪುಸ್ತಕ ಕೊಟ್ಟು ಎಷ್ಟು ದಿನವಾಯಿತು? ಉತ್ತರ ಬರುವುದಿಲ್ಲ. ಮೊಬೈಲಿಗೆ ಒಂದಿಷ್ಟು ಬೈಗುಳ ಬೀಳುತ್ತವೆ. ಅವನ್ನೂ ಅವರು ಮೊಬೈಲ್ ನೋಡುತ್ತಲೇ ಬೈಯುತ್ತಾರೆ.

ಎರಡು ವರ್ಷದ ಹಿಂದೆ ನಾನು ಇಷ್ಟು ಸಿಟ್ಟಿನವಳಾಗಿರಲಿಲ್ಲ. ಮಕ್ಕಳಿಗೆಂದು ಒಂದು ಕಾಮಿಕ್ ಪುಸ್ತಕ ಹೊರಡಿಸಿದ ಮೇಲೆ ಹೀಗಾಗಿದ್ದೇನೆ.

ಹುನಗುಂದ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಬೆಳೆದದ್ದು ಬಾಗಲಕೋಟೆಯ ಒಂದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ. ಅಲ್ಲಿ ಐದಕ್ಕೆ ಒಂದು ಗಂಟೆ, ಐದೂವರೆಗೆ ಇನ್ನೊಂದು. ಎರಡನೆಯ ಗಂಟೆಯ ಹೊತ್ತಿಗೆ ಹಾಸಿಗೆ ಸುತ್ತಿ ಇಟ್ಟಿರದಿದ್ದರೆ ಅಂದು ಚಹಾ ಇಲ್ಲ. ನಾನು ಒಂದು ದಿನವೂ ಚಹಾ ತಪ್ಪಿಸಿಕೊಂಡವಳಲ್ಲ. ನಿವೃತ್ತಿಯ ನಂತರವೂ ಐದಕ್ಕೇ ಏಳುತ್ತಿದ್ದೆ. ಸ್ನಾನ, ಪೂಜೆ, ರೊಟ್ಟಿ ಎಲ್ಲ ಮುಗಿಸಿ ಒಂಬತ್ತಕ್ಕೆ ಮೇಜಿನ ಮುಂದೆ ಕೂತರೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಕೆಲಸವಿಲ್ಲದ ಒಂಬತ್ತು ಗಂಟೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಕಾಮಿಕ್ ಮಾಡುವ ಯೋಚನೆ ಬಂದದ್ದು ಇಳಕಲ್ಲಿನ ಒಬ್ಬ ಬೋರ್ಡ್ ಪೇಂಟರನಿಂದ. ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಆತ ನಮ್ಮ ಶಾಲೆಯ ಗೋಡೆಗೆ ಮಗ್ಗಿ, ನಾಡಗೀತೆ, ಜಿಲ್ಲೆಯ ನಕ್ಷೆ ಬರೆಯಲು ಬಂದಿದ್ದ. ನಕ್ಷೆ ಮುಗಿದ ದಿನ ಹೋಗಿ ನೋಡುತ್ತೇನೆ, ಕೆಳಗಿನ ಮೂಲೆಯಲ್ಲಿ ಒಂದು ಆಡು ಹುಲ್ಲು ಮೇಯುತ್ತ ನಿಂತಿದೆ.

"ಇಲ್ಲಿ ಆಡು ಯಾಕ?" ಎಂದು ಕೇಳಿದೆ.

"ಹಸರ ಬಣ್ಣ ಒಂದಿಷ್ಟು ಉಳದಿತ್ರಿ ಅಕ್ಕೋರ. ಅದನ್ನ ನೋಡಿ ಮೇಯಾಕ ಬಂತು."

"ಸುಣ್ಣ ಹಚ್ಚಿ ಅಳಸ್ರಿ ಅದನ್ನ."

ಆತ ಅಳಿಸಿದ. ಅಳಿಸುವವರೆಗೆ ಮಕ್ಕಳೆಲ್ಲ ಆ ಮೂಲೆಯಲ್ಲೇ ಮುತ್ತಿಕೊಂಡಿದ್ದರು. ಅಳಿಸಿದ ಮೇಲೆ ನಕ್ಷೆಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಅದನ್ನು ನಾನು ಅಂದೇ ಗಮನಿಸಿದ್ದೆ. ಅರ್ಥ ಮಾಡಿಕೊಳ್ಳಲು ಮಾತ್ರ ನಿವೃತ್ತಿಯಾಗಬೇಕಾಯಿತು.

ಆತನನ್ನು ಹುಡುಕಿಕೊಂಡು ಹೋದಾಗ ಆತನ ಕೆಲಸ ಬಹುತೇಕ ನಿಂತಿತ್ತು. ಊರ ತುಂಬ ಫ್ಲೆಕ್ಸ್. ಅಂಗಡಿ ಬೋರ್ಡಿಗೂ ಫ್ಲೆಕ್ಸ್, ಸತ್ತವರ ಶ್ರದ್ಧಾಂಜಲಿಗೂ ಫ್ಲೆಕ್ಸ್. ಆತನ ಅಳಿಯನೇ ಒಂದು ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ಮಾವ ಬಂದು ಚೌಕಟ್ಟು ಬಡಿಯುವ ಕೆಲಸ ನೋಡಿಕೊಳ್ಳಲಿ ಎಂದು ಅವನ ಒತ್ತಾಯ. ನಾನು ಕಾಮಿಕ್ ಎಂದ ಕೂಡಲೇ ಪೇಂಟರ್ ತನ್ನ ಹೆಂಡತಿಯನ್ನು ಕೂಗಿ, "ಏ, ಚಹಾ ತಾ. ಅಕ್ಕೋರು ಅಳಿಯನ ಕೈಯಿಂದ ನನ್ನ ಬಿಡಸಾಕ ಬಂದಾರ" ಎಂದ. ಆಮೇಲೆ ಗಂಭೀರನಾಗಿ ಒಂದು ಮಾತು ಹೇಳಿದ. "ಎರಡು ಪುಸ್ತಕ ತಗದು ನೋಡ್ತೇನ್ರಿ. ಹುಡುಗೂರು ನಕ್ರ ಮೂರನೇದು. ನಗಲಿಲ್ಲಂದ್ರ ಅಳಿಯನ ಅಂಗಡ್ಯಾಗ ಮೊಳಿ ಬಡಕೋತ ಕುಂದರ್ತೇನಿ."

ನಾವಿಬ್ಬರೂ ಬಾದಾಮಿಗೆ ಹೋಗಿ ಎರಡು ದಿನ ಮಂಗಗಳನ್ನು ನೋಡಿದೆವು. ಆತ ಅವುಗಳ ಚಿತ್ರ ಬರೆದ, ನಾನು ಗದರಿ ಅವನ್ನು ದೂರವಿಟ್ಟೆ. ಕತೆ ನನ್ನದು. ಬಾದಾಮಿಯ ಒಂದು ಮಂಗ ಇಳಕಲ್ಲಿನ ಬಸ್ಸು ಹತ್ತಿ, ಕಂಡಕ್ಟರನ ಟಿಕೆಟ್ ಯಂತ್ರ ಕಸಿದುಕೊಂಡು, ತಾನೇ ಎಲ್ಲರಿಗೂ ಟಿಕೆಟ್ ಹರಿಯುತ್ತದೆ. ಚಿತ್ರದ ಚೌಕಗಳಿಗೆ ಆತ ಮನೆ ಎನ್ನುತ್ತಿದ್ದ. "ಈ ಪುಟದಾಗ ಆರು ಮನಿ ಮಾಡೂನ್ರಿ, ಮಂಗ್ಯಾ ಐದರಾಗ ಇರ್ಲಿ, ಆರನೇ ಮನ್ಯಾಗ ಬರೇ ಬಾಲ." ಒಂಬತ್ತನೇ ಪುಟದಲ್ಲಿ ಮಂಗ ಕಂಡಕ್ಟರನಿಗೇ ಟಿಕೆಟ್ ಕೊಡುತ್ತದೆ. ಅವನು ಗಾಬರಿಯಾಗಿ ಚಿಲ್ಲರೆಗೆ ತನ್ನ ಕಿಸೆ ತಡಕಾಡುತ್ತಾನೆ. ಆ ಪುಟವನ್ನು ಪೇಂಟರ್ ನಾಲ್ಕು ಸಲ ಬರೆದ. ಅವನಿಗೆ ಆ ಒಂದು ಪುಟಕ್ಕೆ ಮಕ್ಕಳು ನಕ್ಕರೆ ಸಾಕಾಗಿತ್ತು.

ಬಾಗಲಕೋಟೆಯ ಮುದ್ರಣಾಲಯದವರು ನಮ್ಮನ್ನು ಕೂರಿಸಿ ಬುದ್ಧಿ ಹೇಳಿದರು. "ಅಕ್ಕೋರ, ಜನ ಲಗ್ನದ ಕಾರ್ಡ್ ಸುದ್ದಾ ಮೊಬೈಲ್‌ನಾಗ ಕಳಸಾಕತ್ಯಾರ. ನೀವು ಮಂಗ್ಯಾನ ಪುಸ್ತಕ ತರ್ತೀನಂತೀರಿ." ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯವನು ಇನ್ನೂ ಚೆನ್ನಾಗಿ ಹೇಳಿದ. ಹಿಂದೆ ಆತ ತನ್ನ ಅಂಗಡಿಯ ಮುಂದೆ ದಾರ ಕಟ್ಟಿ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ತೂಗುಹಾಕುತ್ತಿದ್ದ. ಈಗ ಅದೇ ದಾರದಲ್ಲಿ ಚಿಪ್ಸ್ ಪೊಟ್ಟಣಗಳು. "ನೀವ ಹೇಳ್ರಿ, ಯಾವ ಪಾಕೀಟ್ ತಗದು ನಿಮ್ಮ ಪುಸ್ತಕ ಹಾಕ್ಲಿ?" ಎಂದ. ನಾನು ಒಂದು ಪೊಟ್ಟಣ ತೋರಿಸಿದೆ. "ಅದು ಭಾಳ ಹೋಗ್ತೈತಿ" ಎಂದ. ಇನ್ನೊಂದು ತೋರಿಸಿದೆ. ಅದೂ ಭಾಳ ಹೋಗುತ್ತಿತ್ತು.

ಬಿಡುಗಡೆ ಸಮಾರಂಭದ ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ. ಬಾಗಲಕೋಟೆಯ ಒಂದು ಸಭಾಭವನ. ಹತ್ತು ಗಂಟೆಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಒಂಬತ್ತೂಮುಕ್ಕಾಲಿಗೆ ಎರಡು ಶಾಲೆಗಳ ಮಕ್ಕಳು ಸಾಲಾಗಿ ಬಂದು ನೆಲದ ಮೇಲೆ ಕೂತರು. ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರೆಗೆ. ಬಂದವರಿಗೆ ಶಾಲು, ಹಾರ. ಹಾರ ಹಾಕಿದ್ದು ಸರಿಯಾಗಿ ಫೋಟೊದಲ್ಲಿ ಬರಲಿಲ್ಲವೆಂದು ತೆಗೆದು ಮತ್ತೊಮ್ಮೆ ಹಾರ. ಬಣ್ಣದ ಕಾಗದ ಸುತ್ತಿದ ಪುಸ್ತಕದ ಕಟ್ಟನ್ನು ಬಿಚ್ಚಿ, ವೇದಿಕೆಯಲ್ಲಿದ್ದ ಒಂಬತ್ತು ಜನ ಒಂದೊಂದು ಪ್ರತಿಯನ್ನು ಎದೆಗೆ ಹಿಡಿದು ನಿಂತರು. ಒಬ್ಬರಾದರೂ ಒಂದು ಹಾಳೆ ತಿರುವಲಿಲ್ಲ. ಇಬ್ಬರು ಉಲ್ಟಾ ಹಿಡಿದಿದ್ದರು. ಮುಖ್ಯ ಅತಿಥಿ ನಲವತ್ತು ನಿಮಿಷ ಮಾತಾಡಿದರು. ಈಗಿನ ಮಕ್ಕಳು ಓದುವುದಿಲ್ಲ ಎಂಬುದೇ ಅವರ ವಿಷಯ. ಎದುರಿಗೆ ಮೂರು ತಾಸಿನಿಂದ ಕೂತ ಮಕ್ಕಳು ಆ ಪುಸ್ತಕವನ್ನೇ ದಿಟ್ಟಿಸುತ್ತಿದ್ದರು. ಪ್ರತಿ ಹಂಚಿ ಎಂದು ನಾನು ಹೇಳಿದ್ದಕ್ಕೆ ಸಂಘಟಕರು, "ಬ್ಯಾಡ್ರಿ ಅಕ್ಕೋರ, ಗದ್ದಲ ಆಗ್ತೈತಿ" ಎಂದು ಬಿಸ್ಕೀಟು ಹಂಚಿದರು.

ಪೇಂಟರ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಹೊರಗೆ ಬಂದು, "ಹುಡುಗೂರಿಗೆ ಕೊಡ್ಲೇ ಇಲ್ಲಲ್ರಿ?" ಎಂದ.

"ಶಾಲೆಗಳಿಗೇ ಕಳಸ್ತೀನಿ. ಅಲ್ಲಿ ಓದ್ತಾರ" ಎಂದೆ.

ನನಗೆ ಗೊತ್ತಿದ್ದ ದಾರಿ ಅದೊಂದೇ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಶಾಲೆಗಳಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದವರು, ನನ್ನ ಜೊತೆ ತರಬೇತಿ ಮಾಡಿದವರು ಬಹಳ ಮಂದಿ. ಒಬ್ಬೊಬ್ಬರಿಗೂ ಕೈಯಿಂದ ಪತ್ರ ಬರೆದೆ. ನನ್ನ ಅಕ್ಷರ ನೋಡಿಯೇ ಎದ್ದು ನಿಲ್ಲುವವರು ಈಗಲೂ ಇದ್ದಾರೆ. ಬೇಡಿಕೆ ಬಂತು. ಕಮತಗಿಯಿಂದ ಬಂತು, ರಾಮಥಾಳದ ಕಡೆಯಿಂದ ಬಂತು. ಮುದ್ರಣಾಲಯದವರು ಕಣ್ಣರಳಿಸಿದರು. ಎರಡನೇ ಪುಸ್ತಕವೂ ಬಂತು. ಅದರಲ್ಲಿ ಮಂಗ ಇಳಕಲ್ಲಿನಲ್ಲಿ ಇಳಿದು, ಒಬ್ಬ ನೇಕಾರನ ಮಗ್ಗದ ಮೇಲೆ ಕೂತು ಬಾಲವನ್ನೇ ಸೀರೆಗೆ ನೇಯ್ದುಬಿಡುತ್ತದೆ.

ಪೇಂಟರ್ ಮಾತ್ರ ಪ್ರತಿ ವಾರ ಫೋನು ಮಾಡಿ ಅದೇ ಪ್ರಶ್ನೆ ಕೇಳುತ್ತಿದ್ದ.

"ಒಂಬತ್ತನೇ ಪುಟಕ್ಕ ನಕ್ರೇನ್ರಿ?"

"ಇನ್ನೂ ಆರು ಶಾಲೆಯವರು ಕೇಳ್ಯಾರ" ಎನ್ನುತ್ತಿದ್ದೆ.

"ಅದಲ್ರಿ ನಾ ಕೇಳಿದ್ದು. ನಕ್ರೇನು?"

"ನಗದ ಏನು? ಮಕ್ಕಳಲ್ಲೇನು ಅವರು?"

"ನೀವು ಕಂಡೀರೇನ್ರಿ?"

ಕಂಡಿರಲಿಲ್ಲ. ಕಾಣಲೆಂದೇ ಜುಲೈ ತಿಂಗಳ ಒಂದು ಬೆಳಿಗ್ಗೆ ಐಹೊಳೆ ದಾರಿಯ ಒಂದು ಶಾಲೆಗೆ ಹೋದೆ. ಅಲ್ಲಿಯ ಮುಖ್ಯಶಿಕ್ಷಕ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾಲ್ಕು ವರ್ಷ ನನ್ನ ಶಾಲೆಯಲ್ಲೇ ಇದ್ದವನು. ಶಿಸ್ತಿನವನು. ನಮ್ಮ ಎರಡೂ ಪುಸ್ತಕಗಳನ್ನು ತರಗತಿಗೆ ಇಷ್ಟೆಂದು ಲೆಕ್ಕ ಹಾಕಿ ತರಿಸಿಕೊಂಡವನು. ನಾನು ಕಾಲಿಟ್ಟ ಕೂಡಲೇ ಕುರ್ಚಿ ಬಿಟ್ಟು ಎದ್ದ.

"ಪುಸ್ತಕ ಎಲ್ಲೈತಿ?" ಎಂದೆ.

"ಒಂದ ನಿಮಿಷ ರಿ ಅಕ್ಕೋರ" ಎಂದು ಸೊಂಟದ ಕೀಲಿ ತೆಗೆದ.

ಆ ಸದ್ದಿಗೇ ನನಗೆ ತಿಳಿಯಬೇಕಾಗಿತ್ತು. ಕಬ್ಬಿಣದ ಕಪಾಟು ತೆರೆಯಿತು. ಒಳಗೆ ಭೂಗೋಳ, ತಕ್ಕಡಿ, ಕ್ರೀಡಾಕೂಟದ ಕಪ್ಪುಗಳು. ಅವುಗಳ ಕೆಳಗೆ ನಮ್ಮ ಪುಸ್ತಕಗಳು. ಪ್ರತಿಯೊಂದಕ್ಕೂ ಕಂದು ಕಾಗದದ ಹೊದಿಕೆ, ಹೊದಿಕೆಯ ಮೇಲೆ ಚೀಟಿ, ಚೀಟಿಯ ಮೇಲೆ ಕೆಂಪು ಶಾಯಿಯ ಸಂಖ್ಯೆ. ಹತ್ತತ್ತರ ಕಟ್ಟು ಮಾಡಿ ಸುತಳಿ ಬಿಗಿದಿತ್ತು. ಒಂದು ಪ್ರತಿ ಎಳೆದು ತೆರೆದೆ. ಹೊಸ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

"ಒಬ್ಬರಿಗೂ ಕೊಟ್ಟಿಲ್ಲೇನು?"

"ಕೊಟ್ರ ಹರೀತಾರಲ್ರಿ. ಎಣ್ಣಿ ಕೈ, ಮಣ್ಣ ಕೈ. ನಾಳೆ ಚಾರ್ಜ್ ಕೊಡಬೇಕಾದ್ರ ಎಲ್ಲಿಂದ ತರ್ಲಿ?"

ಚಾರ್ಜ್ ಎಂದರೆ ಒಬ್ಬ ಮುಖ್ಯಶಿಕ್ಷಕ ವರ್ಗವಾಗಿ ಹೋಗುವಾಗ ಶಾಲೆಯ ಪ್ರತಿಯೊಂದು ಸಾಮಾನನ್ನೂ ದಾಸ್ತಾನು ಪುಸ್ತಕದ ಪ್ರಕಾರ ಎಣಿಸಿ ಮುಂದಿನವರಿಗೆ ಒಪ್ಪಿಸುವುದು. ಕಡಿಮೆ ಬಿದ್ದರೆ ಜವಾಬ್ದಾರಿ ಅವನದು.

ನಾನು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಮೂರ್ಖ ಎಂದದ್ದು ನೆನಪಿದೆ. ಮಕ್ಕಳ ಶತ್ರು ಎಂದದ್ದೂ ನೆನಪಿದೆ. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದ ತರಗತಿ ಹದಿನಾರರ ಮಗ್ಗಿಯ ನಡುವೆಯೇ ನಿಂತುಬಿಟ್ಟಿತು. ಆತ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ಬಹಳ ಮೆತ್ತಗೆ ಹೇಳಿದ.

"ನೀವ ಕಲಸಿದ್ದಲ್ರಿ ಅಕ್ಕೋರ. ಈ ಕೆಂಪು ಶಾಯಿ, ಹತ್ತರ ಕಟ್ಟು, ಎಲ್ಲಾ ನಿಮ್ಮ ಪದ್ಧತಿ. ನೀವು ಚಾರ್ಜ್ ಕೊಟ್ಟ ದಿವಸ ನಾನೂ ಬಂದಿದ್ದೆ. ಒಂದು ಪುಸ್ತಕ ಕಮ್ಮಿ ಇರ್ಲಿಲ್ಲ, ಒಂದು ಹಾಳಿ ಹರದಿರ್ಲಿಲ್ಲ. ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ನಿಮ್ಮ ಹಂಗ ಕೊಡಬೇಕು ಅಂತ ನನ್ನ ಆಸೆ ರಿ."

ನಾನು ಕುರ್ಚಿಯ ಮೇಲೆ ಕೂತೆ. ಆತ ನೀರು ತಂದುಕೊಟ್ಟ.

ಚಪ್ಪಾಳೆ ನಿಜ. ಬೀಳ್ಕೊಡುಗೆಯ ದಿನ ಶಿಕ್ಷಣಾಧಿಕಾರಿಗಳು ನನ್ನ ಕಪಾಟನ್ನು ತೆರೆದು ಎಲ್ಲರಿಗೂ ತೋರಿಸಿದ್ದರು. ಇಲಾಖೆ ಎಂದೋ ಕಳಿಸಿದ್ದ ಕತೆ ಪುಸ್ತಕಗಳು ಬಂದ ಹಾಗೆಯೇ ಇದ್ದವು. ನಾನು ಅಂದು ಹೆಮ್ಮೆಯಿಂದ ಬೀಗಿದ್ದೆ. ನನ್ನ ಶಾಲೆಯಲ್ಲಿ ಏಳು ವರ್ಷ ಕಲಿತು ಹೋದ ಮಗುವಿಗೆ ಆ ಪುಸ್ತಕಗಳು ಅಲ್ಲಿವೆ ಎಂಬುದೂ ಗೊತ್ತಿರಲಿಲ್ಲ. ಓದುವುದಿಲ್ಲ ಎಂದು ನಾನೂ ಅದೇ ಮಕ್ಕಳನ್ನು ಬೈದಿದ್ದೇನೆ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡೇ ಬೈದಿದ್ದೇನೆ. ಚಿಪ್ಸ್ ಅಂಗಡಿಯವನಾದರೂ ಪೊಟ್ಟಣವನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ತೂಗುಹಾಕುತ್ತಾನೆ.

ಅಂದು ಅಲ್ಲಿಂದ ನೇರವಾಗಿ ಇಳಕಲ್ಲಿಗೆ ಹೋಗಿ ಪೇಂಟರನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ. ವಾರ ವಾರ ಫೋನಿನಲ್ಲಿ ಹೇಳಿದ್ದು ಹೆಚ್ಚು ಕಡಿಮೆ ಸುಳ್ಳೇ ಆಗಿತ್ತು ಎಂಬುದು ಬೇರೆ ಮಾತು.

ಆತ ಕುಂಚ ತೊಳೆಯುತ್ತಿದ್ದ. ಕೈ ನಿಂತಿತು. "ಅಂದ್ರ ಇಷ್ಟು ದಿವಸ ನಾ ಕಪಾಟಿಗೆ ಚಿತ್ರ ತಗದೆ ಏನ್ರಿ?"

"ಎಲ್ಲಾ ಶಾಲೆಯಾಗ ಹಂಗ ಇರ್ಲಿಕ್ಕಿಲ್ಲ."

"ನಿಮ್ಮ ಕೈಯಾಗ ತಯಾರಾದವ್ರ ಸಾಲಿ ಅಲ್ರೇನು ಎಲ್ಲಾ?" ಎಂದ. ಹೆಂಡತಿ ಒಳಗಿನಿಂದ, "ಅಕ್ಕೋರ ಜೋಡಿ ಹಂಗ ಮಾತಾಡಬ್ಯಾಡ್ರಿ" ಎಂದಳು. "ನೀ ಸುಮ್ನಿರು. ಅಳಿಯಗ ಸೋಮವಾರದಿಂದ ಬರ್ತೇನಂತ ಹೇಳು" ಎಂದು ಆತ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದ.

"ನಾಡದು ಬೆಳಿಗ್ಗೆ ಎಂಟರ ಬಸ್ಸಿಗೆ ನನ್ನ ಜೋಡಿ ಬರ್ರಿ. ಅವತ್ತ ಹುಡುಗೂರು ನಗಲಿಲ್ಲಂದ್ರ ನಿಮ್ಮ ಅಳಿಯಗ ನಾನ ಫೋನ್ ಮಾಡ್ತೇನಿ" ಎಂದು ಎದ್ದೆ.

ನಡುವಿನ ದಿನವೆಲ್ಲ ಒಂದೇ ಯೋಚನೆ. ಕಪಾಟಿನ ಪುಸ್ತಕ ಮಕ್ಕಳಿಗೆ ಕೊಡು ಎಂದು ನಾನು ಬೈದರೆ ಆತ ಕೊಟ್ಟಾನು. ನಾನು ಬಸ್ಸು ಹತ್ತಿದ ಕೂಡಲೇ ಎಣಿಸಿ ಒಳಗಿಟ್ಟಾನು. ಅವನ ಭಯ ಹೋಗಬೇಕಾದರೆ ಆ ಪುಸ್ತಕಗಳು ದಾಸ್ತಾನಿನಲ್ಲೇ ಇರಬಾರದು. ದಾಸ್ತಾನಿನಿಂದ ಒಂದು ವಸ್ತು ಹೊರಬೀಳಲು ಇಲಾಖೆಯಲ್ಲಿ ಇರುವುದು ಒಂದೇ ಬಾಗಿಲು. ಮುರಿದ ಬೆಂಚು, ಒಡೆದ ಗಡಿಗೆಗಳು ರದ್ದಾಗಿ ಹೋಗುವ ಬಾಗಿಲು.

ಪೇಂಟರನ ಜೊತೆ ಶಾಲೆಗೆ ಹೋಗಿ ಮುಖ್ಯಶಿಕ್ಷಕನಿಗೆ ಹೇಳಿದೆ. "ರದ್ದುಪಟ್ಟಿ ತಗಿ. ಬರಿ. ಚಿತ್ರಕಥೆ ಪುಸ್ತಕ, ಎರಡೂ ನಮೂನಿ, ಅಷ್ಟೂ ಪ್ರತಿ. ಹರಿದು ಹಾಳಾಗಿದ್ದು, ಉಪಯೋಗಕ್ಕೆ ಬಾರದ್ದು."

ಆತ ಬಿಳಿಚಿಕೊಂಡ. "ಹೊಸಾ ಪುಸ್ತಕ ರಿ ಅಕ್ಕೋರ! ಹರದಾವಂತ ಹೆಂಗ ಬರೀಲಿ?"

"ಕಪಾಟಿನಾಗಿದ್ರ ಅವು ಉಪಯೋಗಕ್ಕ ಬಂದಾವೇನು?"

"ಇಬ್ಬರು ಸಾಕ್ಷಿ ಸಹಿ ಬೇಕ್ರಿ."

"ನಾ ಒಬ್ಬಾಕಿ. ಇವರು ಒಬ್ಬರು."

ಪೇಂಟರ್ ನಕ್ಕ. "ನಾ ಬರದ ಪುಸ್ತಕ ಹಾಳಾಗೈತಿ ಅಂತ ನಾನ ಸಹಿ ಮಾಡೂದೇನ್ರಿ? ಕೊಡ್ರಿ ಪೆನ್ನು."

ಇಡೀ ಸೇವೆಯಲ್ಲಿ ಒಂದು ಸುಳ್ಳು ನಮೂದಿಗೂ ಸಹಿ ಹಾಕಿದವಳಲ್ಲ ನಾನು. ಅಂದು ಹಾಕಿದೆ. ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಮಕ್ಕಳಿಗೊಂದು ಪುಸ್ತಕ ಮುಟ್ಟಿಸಬೇಕಾದರೆ ಮೊದಲು ಅದು ಸತ್ತಿದೆ ಎಂದು ಬರೆಯಬೇಕಾದ ವ್ಯವಸ್ಥೆ ಇದು. ಇದನ್ನು ಕಟ್ಟಿದ ಕೈಗಳಲ್ಲಿ ನನ್ನವೂ ಎರಡು.

ಐದನೆಯ ತರಗತಿಗೆ ಮೊದಲ ಪುಸ್ತಕದ ಕಟ್ಟು ಹೊತ್ತುಕೊಂಡು ಹೋದೆವು. ಕಂದು ಕಾಗದ ಕಿತ್ತುಹಾಕಿ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಯಾರೂ ತೆರೆಯಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಕೈ ತೊಳಕೊಂಡ ಬರೂನೇನ್ರಿ?" ಎಂದಳು.

"ಬ್ಯಾಡ" ಎಂದೆ.

"ಹೊಳ್ಳಿ ಯಾವಾಗ ಕೊಡಬೇಕ್ರಿ?"

"ಕೊಡಬ್ಯಾಡ. ನಿನ್ನದ ಅದು."

ಅವಳು ಮುಖ್ಯಶಿಕ್ಷಕನ ಮುಖ ನೋಡಿದಳು. ಆತ ಗೋಡೆ ನೋಡಿದ. ಆಮೇಲೆ ಹಾಳೆಗಳ ಸದ್ದು ಶುರುವಾಯಿತು. ಪೇಂಟರ್ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದ. ಅವನು ಪುಟ ಎಣಿಸುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಏಳು, ಎಂಟು, ಒಂಬತ್ತು. ಯಾರೂ ನಗಲಿಲ್ಲ. ಅವನ ಮುಖ ಸಣ್ಣದಾಯಿತು. ಹತ್ತನೇ ಪುಟದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗುಸುಗುಸು. ಅದೇ ಹುಡುಗಿ ಮತ್ತೆ ಎದ್ದಳು.

"ಇದನ್ನ ಬರದವ್ರು ಯಾರ್ರಿ?"

"ನಾನ, ಯಾಕವಾ?" ಎಂದ ಪೇಂಟರ್.

"ಈ ಬಸ್ಸು ಬಾದಾಮಿಲಿಂದ ಇಳಕಲ್ಲಿಗೆ ಹೋಗ್ತೈತಿ. ನಮ್ಮೂರ ಮ್ಯಾಲ ಹೋಗ್ಬೇಕಲ್ರಿ? ಇಲ್ಲಿ ನಮ್ಮೂರ ಇಲ್ಲ."

"ನಿಮ್ಮೂರಾಗ ಬಸ್ಸು ನಿಂದರ್ತೈತೇನು?"

"ನಿಂದರಂಗಿಲ್ರಿ. ಕೈ ಮಾಡಿದ್ರೂ ಓಡ್ತೈತಿ."

"ಮತ್ತ? ಅದಕ್ಕ ಬರದಿಲ್ಲ."

"ಮಂಗ್ಯಾನ ಕೈಯಾಗ ಟಿಕೇಟ್ ಮಿಶಿನ್ ಐತಲ್ರಿ! ಸೀಟೀನೂ ಅದ ಊದಬೇಕಲ್ರಿ? ಅದು ನಿಂದ್ರಸ್ತೈತಿ" ಎಂದಳು, ಇಷ್ಟೂ ತಿಳಿಯದ ದಡ್ಡನಿಗೆ ಹೇಳುವ ಹಾಗೆ.

ಇಡೀ ತರಗತಿ ಹೋ ಎಂದು ನಕ್ಕಿತು. ಒಬ್ಬ ಹುಡುಗ ಬೆಂಚು ಗುದ್ದಿ ಸೀಟಿ ಊದಿದ. ಇನ್ನೊಬ್ಬ, "ಡ್ರೈವರ್‌ನ ಇಳಿಸಿ ಮಂಗ್ಯಾನ ಹೊಡೀಲಿ ಬಸ್ಸು" ಎಂದ. ಮತ್ತೊಬ್ಬ, "ಲೇ, ಅದರ ಕಾಲು ಬ್ರೇಕಿಗೆ ನಿಲಕಂಗಿಲ್ಲಲೇ" ಎಂದ. "ಬಾಲದಿಂದ ಒತ್ತತೈತಿ!" ಎಂದು ಹುಡುಗಿ ಕೂಗಿದಳು. ಆಗ ಎಲ್ಲರೂ ಒಂಬತ್ತನೇ ಪುಟಕ್ಕೆ ಹಿಂದೆ ಹೋಗಿ, ಕಿಸೆ ತಡಕಾಡುವ ಕಂಡಕ್ಟರನನ್ನು ಮತ್ತೆ ನೋಡಿ, ಅವನಿಗೇನು ಮಾಡಬೇಕೆಂದು ಜಗಳ ಹಚ್ಚಿದರು. ಒಂದು ಹಾಳೆ ಹರಿಯಿತು. ಮುಖ್ಯಶಿಕ್ಷಕ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದಿಟ್ಟ. ನಾನು ಅವನ ತೋಳು ಹಿಡಿದೆ.

"ಪಟ್ಟಿಯೊಳಗ ಹರದಾವ ಅಂತ ಬರದೀಯಲ್ಲ. ಈಗ ಖರೆ ಆಗಾಕತ್ತೈತಿ."

ಪೇಂಟರ್ ಆಗಲೇ ತರಗತಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. "ಬಸ್ಸು ಎಲ್ಲಿ ನಿಂದ್ರಬೇಕು, ಗಿಡದ ಹಂತ್ಯಾಕೋ, ಪಂಚಾಯ್ತಿ ಹಂತ್ಯಾಕೋ? ಒಬ್ಬೊಬ್ಬರ ಹೇಳ್ರಿ" ಎಂದು ರೇಗುತ್ತಿದ್ದ. ಒಬ್ಬೊಬ್ಬರಾಗಿ ಯಾರೂ ಹೇಳಲಿಲ್ಲ.

ನಾಲ್ಕೂವರೆಗೆ ರಸ್ತೆಗೆ ಬಂದು ನಿಂತೆವು. ನನ್ನ ಚೀಲದಲ್ಲಿ ಉಳಿದ ಶಾಲೆಗಳ ಪಟ್ಟಿ ಇತ್ತು. ಒಂದೊಂದರಲ್ಲೂ ಒಂದು ಕಪಾಟು, ಒಂದೊಂದು ಕಪಾಟಿಗೂ ನನ್ನಿಂದ ಕಲಿತ ಒಬ್ಬ ಕೀಲಿಯವನು. ದಿನಕ್ಕೆ ಒಂದರಂತೆ, ಭಾನುವಾರ ಬಿಟ್ಟು, ಯಾವಾಗ ಮುಗಿದೀತು ಎಂದು ಲೆಕ್ಕ ಹಾಕಿದಷ್ಟೂ ಸಿಟ್ಟು ಏರುತ್ತಿತ್ತು. ಪೇಂಟರ್ ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ಕಾಗದ ಹಾಸಿಕೊಂಡು ಬರೆಯುತ್ತಿದ್ದ. ಸೋಮವಾರ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಕಾಗದದ ಮೇಲೆ ಬಸ್ಸು, ಬೇವಿನ ಗಿಡ, ಬ್ರೇಕಿನ ಮೇಲೆ ಬಾಲ ಆಗಲೇ ಬಂದಿದ್ದವು.

ಇಳಕಲ್ಲಿನ ಬಸ್ಸು ಬಂತು. ನಾನು ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿದೆ. ಅದು ಸ್ವಲ್ಪ ಬಳಸಿಕೊಂಡು, ಧೂಳೆಬ್ಬಿಸಿ ಹೋಗಿಯೇಬಿಟ್ಟಿತು. ನಾನು ಅದರ ಹಿಂದೆ ಬೈಯುತ್ತ ಇಪ್ಪತ್ತು ಹೆಜ್ಜೆ ಓಡಿದೆ. ನಂಬರು ಬರೆದುಕೊಂಡೆ. ಡಿಪೊಗೆ ಪತ್ರ ಬರೆಯುತ್ತೇನೆ ಎಂದೆ, ಕಂಡಕ್ಟರನ ಹೆಸರು ಕೇಳುತ್ತೇನೆ ಎಂದೆ.

ಪೇಂಟರ್ ತಲೆಯೆತ್ತಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕೋರ. ಈ ಪುಟದಾಗ ಇನ್ನ ಎರಡು ಮನಿ ಉಳದಾವ."